ಗುಟ್ಟಾಗಿ ನಿಂತುಹೋಗುವ ಮಾತ್ರೆಗಳು

ವೈದ್ಯರು ಬರೆದುಕೊಟ್ಟ ಔಷಧವನ್ನು ರೋಗಿಯು ಅವರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ, ಹೇಳಿದಷ್ಟು ಕಾಲ ಸೇವಿಸುವನೆಂಬ ಊಹೆಯ ಮೇಲೆ ಚಿಕಿತ್ಸೆಯ ವ್ಯವಸ್ಥೆಯೆಲ್ಲವೂ ನಿಂತಿದೆ. ಆದರೆ ಆ ಊಹೆ ಎಷ್ಟರಮಟ್ಟಿಗೆ ದಿಟವೆಂದು ಪರಿಶೀಲಿಸಹೊರಟವರಿಗೆ ದೊರೆತ ಉತ್ತರ ಸಮಾಧಾನಕರವಾದುದಲ್ಲ. ದೀರ್ಘಕಾಲದ ಕಾಯಿಲೆಗಳಲ್ಲಿ ವಿಧಿಯಂತೆ ನಡೆಯುವ ಔಷಧಸೇವನೆಯು ಸಿರಿವಂತ ದೇಶಗಳಲ್ಲಿಯೂ ಸರಾಸರಿ ನೂರಕ್ಕೆ 50ರಷ್ಟು ಮಾತ್ರವೆಂದೂ, ಉಳಿದ ದೇಶಗಳಲ್ಲಿ ಅಷ್ಟು ಕೂಡ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2003ರ ತನ್ನ ವರದಿಯಲ್ಲಿ ಹೇಳಿತು. ನಮ್ಮ ದೇಶದ ಮಟ್ಟಿಗೆ ಈ ಮಾತಿನ ಗುರುತ್ವವನ್ನು ತಿಳಿಯಬೇಕಾದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯನ್ನು ನೆನೆಯಬೇಕು: ಸಕ್ಕರೆ ಕಾಯಿಲೆಯುಳ್ಳವರು ಸುಮಾರು 10.1 ಕೋಟಿ, ರಕ್ತದ ಒತ್ತಡ ಹೆಚ್ಚಾಗಿರುವವರು ಸುಮಾರು 31.5 ಕೋಟಿ. ಎರಡೂ ಬಹುಮಂದಿಯಿಂದ ನಿತ್ಯವೂ ಮಾತ್ರೆಯನ್ನು ಬೇಡುವ, ವರ್ಷಗಟ್ಟಲೆ ಬೇಡುವ ಕಾಯಿಲೆಗಳು.

ಹೀಗೇಕೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಮರೆವು, ಅಲಕ್ಷ್ಯ, ಅಜ್ಞಾನ ಎಂಬ ಮೂರು ಪದಗಳಲ್ಲಿ ಮುಗಿದುಹೋಗುತ್ತದೆ. ಮರೆವು ಇಲ್ಲವೆಂದಲ್ಲ, ವಯಸ್ಸಾದವರಲ್ಲಿ, ದಿನಕ್ಕೆ ಮೂರು ನಾಲ್ಕು ಹೊತ್ತು ಬೇರೆ ಬೇರೆ ಮಾತ್ರೆ ನುಂಗಬೇಕಾದವರಲ್ಲಿ, ಕೆಲಸದ ಪಾಳಿ ಬದಲಾಗುತ್ತಿರುವವರಲ್ಲಿ ಅದು ಸಹಜ. ಆದರೆ ಮಾತ್ರೆ ಬಿಟ್ಟವರಲ್ಲಿ ಅನೇಕರು ಮರೆತು ಬಿಟ್ಟವರಲ್ಲ, ಯೋಚಿಸಿ ಬಿಟ್ಟವರು. ಅವರ ಮನಸ್ಸಿನಲ್ಲಿ ಕಾರಣವಿದೆ, ವಿಚಾರವಿದೆ, ಒಂದು ಬಗೆಯ ತೀರ್ಮಾನವೂ ಇದೆ. ಇಲ್ಲದಿರುವುದು ಒಂದೇ: ಆ ಕಾರಣವನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ಅಥವಾ ಅವಕಾಶ. ಆ ಕಾರಣಗಳಾವುವು, ಅವುಗಳಲ್ಲಿ ಎಷ್ಟು ಹುರುಳಿದೆ, ಅವನ್ನು ಹೇಗೆ ವೈದ್ಯರ ಮೇಜಿನ ಮೇಲೆ ತಂದಿಡಬೇಕು ಎಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಇಂಗ್ಲೆಂಡಿನ ರಾಬರ್ಟ್ ಹಾರ್ನ್ ಮತ್ತು ಜಾನ್ ವೈನ್‌ಮನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಈ ವಿಷಯವನ್ನು ಶಾಸ್ತ್ರೀಯವಾಗಿ ಹಿಡಿದವರಲ್ಲಿ ಪ್ರಮುಖರು. ಉಬ್ಬಸ, ಮೂತ್ರಪಿಂಡದ ಬೇನೆ, ಹೃದ್ರೋಗ, ಕ್ಯಾನ್ಸರ್ ಎಂಬ ನಾಲ್ಕು ಬಗೆಯ ಕಾಯಿಲೆಗಳಿದ್ದ 324 ಮಂದಿಯನ್ನು ಪ್ರಶ್ನಿಸಿ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನವರು ತಮ್ಮ ಔಷಧ ಅವಶ್ಯವೆಂದು ಒಪ್ಪಿದ್ದರು. ಆದರೂ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಅದೇ ಔಷಧದ ವಿಷಯದಲ್ಲಿ ಬಲವಾದ ಅಂಜಿಕೆಯೂ ಇದ್ದಿತು. ಔಷಧವನ್ನು ಯಾರು ಕ್ರಮವಾಗಿ ತೆಗೆದುಕೊಳ್ಳುವರೆಂಬುದನ್ನು ಸೂಚಿಸುವುದರಲ್ಲಿ ರೋಗಿಯ ವಯಸ್ಸು, ವಿದ್ಯೆ, ಕಾಯಿಲೆಯ ಬಗೆ ಇವುಗಳಿಗಿಂತ ಆತನ ನಂಬಿಕೆಗಳೇ ಹೆಚ್ಚು ಬಲವುಳ್ಳವಾಗಿ ಕಂಡುಬಂದವು. ಮನಸ್ಸಿನಲ್ಲೊಂದು ತಕ್ಕಡಿಯಿದೆಯೆಂದುಕೊಳ್ಳಿ, ಒಂದು ತಟ್ಟೆಯಲ್ಲಿ ‘ಇದು ನನಗೆ ಬೇಕೇ ಬೇಕು’ ಎಂಬ ಭಾವ, ಇನ್ನೊಂದರಲ್ಲಿ ‘ಇದರಿಂದ ನನಗೇನಾದೀತೋ’ ಎಂಬ ಭಯ. ಎರಡನೆಯ ತಟ್ಟೆ ಇಳಿದ ದಿನ ಮಾತ್ರೆ ನಿಲ್ಲುತ್ತದೆ. 2013ರಲ್ಲಿ ಹಾರ್ನ್ ಮತ್ತು ಸಂಗಡಿಗರು 94 ಅಧ್ಯಯನಗಳನ್ನು, ಅಂದರೆ 25,000ಕ್ಕೂ ಮೀರಿದ ರೋಗಿಗಳ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗಲೂ ಕಾಯಿಲೆ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಇದೇ ಮಾತು ಸ್ಥಿರಪಟ್ಟಿತು.

ಬೇಕೆನ್ನುವ ತಟ್ಟೆ

ಮೊದಲನೆಯ ತಟ್ಟೆಯು ಹಗುರವಾಗುವುದಕ್ಕೆ ಮುಖ್ಯ ಕಾರಣ, ನೋವಿಲ್ಲದ ಕಾಯಿಲೆಯನ್ನು ಕಾಯಿಲೆಯೆಂದು ನಂಬುವುದು ಮನುಷ್ಯನಿಗೆ ಕಷ್ಟವಾಗಿರುವುದು. ಹಲ್ಲುನೋವಿಗೆ ಮಾತ್ರೆ ನುಂಗಿದವನಿಗೆ ಅದರ ಫಲ ಗಂಟೆಯೊಳಗಾಗಿ ತಿಳಿಯುತ್ತದೆ. ರಕ್ತದೊತ್ತಡದ ಮಾತ್ರೆ ನುಂಗಿದವನಿಗೆ ಅದರ ಫಲ ತಿಳಿಯುವುದೇ ಇಲ್ಲ. ಹತ್ತು ವರ್ಷಗಳ ಅನಂತರ ಬಾರದೆ ಹೋದ ಲಕ್ವವೇ ಆ ಫಲ. ಬಾರದೆ ಹೋದುದನ್ನು ಕಂಡವರಾರು? ಈ ಕಾರಣದಿಂದ ಜನ ತಮ್ಮದೇ ಆದ ಲಕ್ಷಣಗಳನ್ನು ಕಲ್ಪಿಸಿಕೊಳ್ಳುತ್ತಾರೆ. ‘ನನಗೆ ಬಿಪಿ ಏರಿದರೆ ಗೊತ್ತಾಗುತ್ತೆ, ಕತ್ತಿನ ಹಿಂದೆ ಹಿಡ್ಕೊಳ್ಳುತ್ತೆ’ ಎನ್ನುವವರು ಪ್ರತಿ ಬೀದಿಯಲ್ಲಿಯೂ ಸಿಗುತ್ತಾರೆ. ಅಮೆರಿಕದಲ್ಲಿ ಮೇಯರ್, ಲೆವೆಂಥಾಲ್, ಗಟ್‌ಮನ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಸ್ವಭಾವ ಸ್ಪಷ್ಟವಾಗಿ ತೋರಿಬಂದಿತು: ರಕ್ತದೊತ್ತಡ ಏರಿದ್ದು ಜನರಿಗೆ ತಿಳಿಯಲಾರದೆಂದು ಹೆಚ್ಚಿನ ರೋಗಿಗಳು ಒಪ್ಪಿದರು, ಆದರೆ ತಮಗೆ ಮಾತ್ರ ತಿಳಿಯುತ್ತದೆಂದೂ ಅವರೇ ಹೇಳಿದರು. ಇದನ್ನು ಕೇಳಿ ನಗಬೇಕಾಗಿಲ್ಲ. ದೇಹದ ಮಾತನ್ನು ದೇಹದ ಒಡೆಯನಲ್ಲದೆ ಮತ್ತಾರು ಬಲ್ಲರೆಂಬ ನ್ಯಾಯವಾದ ಭಾವನೆಯೇ ಇಲ್ಲಿ ದಾರಿ ತಪ್ಪಿಸುತ್ತಿದೆ.

ಇಂತಹವರಿಗೆ ಉಪದೇಶಕ್ಕಿಂತ ಅಳತೆಯೇ ಹಿತವಾದ ಗುರು. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಯಂತ್ರವನ್ನು ಮನೆಯಲ್ಲಿಟ್ಟುಕೊಂಡು, ಐದು ನಿಮಿಷ ಸುಮ್ಮನೆ ಕುಳಿತು ಬೆನ್ನಿಗೆ ಒರಗು ಕೊಟ್ಟ ಮೇಲೆ, ಕೆಲವು ದಿನ ಬೆಳಗ್ಗೆ ಸಂಜೆ ಅಳೆದು ಒಂದು ನೋಟುಬುಕ್ಕಿನಲ್ಲಿ ಬರೆಯಿರಿ; ಅದರ ಪಕ್ಕದಲ್ಲಿಯೇ ಆ ಹೊತ್ತಿನಲ್ಲಿ ನಿಮಗೆ ಅನ್ನಿಸಿದ್ದನ್ನೂ, ಕತ್ತು ಹಿಡಿದಿತ್ತೇ, ತಲೆ ಭಾರವಾಗಿತ್ತೇ ಎಂಬುದನ್ನೂ ಬರೆಯಿರಿ. ಅನ್ನಿಸಿದ್ದಕ್ಕೂ ಅಂಕಿಗೂ ಹೊಂದಿಕೆಯಿಲ್ಲವೆಂಬುದು ಕೆಲವು ದಿನಗಳಲ್ಲಿ ನಿಮ್ಮ ಕೈಬರಹದಲ್ಲಿಯೇ ಕಾಣಿಸೀತು. ಯಂತ್ರ ಕೊಳ್ಳಲಾಗದವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅಳೆಸಬಹುದು. ಅಂಕಿ ಸರಿಯಾಗಿ ಬಂದ ದಿನ ‘ನಾರ್ಮಲ್ ಆಯ್ತು, ಇನ್ನೇಕೆ ಮಾತ್ರೆ’ ಎಂದು ನಿಲ್ಲಿಸುವುದು ಬಹು ದೊಡ್ಡ ಪ್ರಮಾದ. ಆ ಅಂಕಿಯು ಸರಿಯಾದುದು ಮಾತ್ರೆಯಿಂದ. ಮಾತ್ರೆ ನಿಂತರೆ ಅದು ಬಹುಮಟ್ಟಿಗೆ ಮತ್ತೆ ಏರುತ್ತದೆ. ತೂಕ ಇಳಿಸಿ, ಉಪ್ಪು ತಗ್ಗಿಸಿ, ನಿತ್ಯ ನಡೆದವರಿಗೆ ವೈದ್ಯರು ಪ್ರಮಾಣವನ್ನು ಕಡಿಮೆ ಮಾಡುವುದುಂಟು. ಅದು ಅವರು ನೋಡಿ ಮಾಡತಕ್ಕ ಕೆಲಸ.

ಕ್ಷಯರೋಗದ ಚರಿತ್ರೆ ಈ ವಿಷಯದಲ್ಲಿ ನಮಗೆ ತೀರ ಹತ್ತಿರದ ಪಾಠವನ್ನು ಇಟ್ಟಿದೆ. ಮದರಾಸಿನಲ್ಲಿ 1956ರಲ್ಲಿ ಪ್ರಾರಂಭವಾದ ಕ್ಷಯರೋಗ ಚಿಕಿತ್ಸಾ ಸಂಶೋಧನಾ ಕೇಂದ್ರವು, ಸ್ಯಾನಟೋರಿಯಮ್ಮಿನಲ್ಲಿ ಮಲಗಿದವರಷ್ಟೇ ಚೆನ್ನಾಗಿ ತಮ್ಮ ಬಡ ಮನೆಗಳಲ್ಲಿ ಉಳಿದು ಮಾತ್ರೆ ಸೇವಿಸಿದವರೂ ಗುಣ ಹೊಂದುವರೆಂದು 1959ರಲ್ಲಿ ಜಗತ್ತಿಗೆ ತೋರಿಸಿಕೊಟ್ಟಿತು. ಗುಣ ಕೊಡುವುದು ಹಾಸಿಗೆಯಲ್ಲ, ಗಾಳಿಯಲ್ಲ, ನುಂಗಿದ ಔಷಧ ಎಂದು ಸಿದ್ಧವಾದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ರೋಗಿ ಮನೆಯಲ್ಲಿ ನಿಜವಾಗಿ ನುಂಗುತ್ತಿದ್ದಾನೆಯೇ? ಈಗಿನ ಚಿಕಿತ್ಸೆಯಲ್ಲಿ ಎರಡು ತಿಂಗಳಾಗುವುದರೊಳಗೆ ಕೆಮ್ಮು ನಿಂತು, ಹಸಿವು ಹತ್ತಿ, ಮೈ ತುಂಬಿಕೊಳ್ಳುವಾಗ, ಇನ್ನೂ ನಾಲ್ಕು ತಿಂಗಳು ಏತಕ್ಕೆಂದು ಅನ್ನಿಸುವುದು ಸ್ವಾಭಾವಿಕ. ಆದರೆ ಕೆಮ್ಮು ನಿಂತ ಮಾತ್ರಕ್ಕೆ ರೋಗಾಣುಗಳೆಲ್ಲ ಸತ್ತಿರುವುದಿಲ್ಲ. ನಿಧಾನವಾಗಿ ಬೆಳೆಯುವ, ಅಡಗಿ ಕುಳಿತಿರುವ ಅಲ್ಪಸಂಖ್ಯೆಯ ರೋಗಾಣುಗಳನ್ನು ತೀರಿಸುವುದಕ್ಕಾಗಿಯೇ ಆ ಉಳಿದ ತಿಂಗಳುಗಳಿರುವುದು. ನಡುವೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು.

ರೋಗಿಯೇ ಅಜ್ಞಾನಿಯೆಂದು ದೂರುವವರು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಆರಂಭಕಾಲದ ಒಂದು ಅಧ್ಯಯನವನ್ನು ಅಗತ್ಯವಾಗಿ ಸ್ಮರಿಸಬೇಕು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಆ ಸಮೀಕ್ಷೆಯಲ್ಲಿ, ಹಳ್ಳಿಯ ಕ್ಷಯರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿದ್ದಿತು. ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿಯೂ ಬಂದಿದ್ದರು. ಹೋದವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಔಷಧಸೇವನೆಯ ವಿಷಯದಲ್ಲಿಯೂ ದೋಷವನ್ನು ಹೊರಿಸುವುದಕ್ಕೆ ಮುನ್ನ, ರೋಗಿಗೆ ಯಾರು ಏನನ್ನು ಎಷ್ಟು ಹೊತ್ತು ಹೇಳಿದರೆಂದು ಕೇಳುವುದು ನ್ಯಾಯವೆಂದು ನಾನು ದೃಢವಾಗಿ ನಂಬುತ್ತೇನೆ.

ಅಂಜಿಕೆಯ ತಟ್ಟೆ

ನಮ್ಮಲ್ಲಿ ಔಷಧದ ಮೇಲಿನ ಅಂಜಿಕೆಗೆ ಹಲವು ಹೆಸರುಗಳಿವೆ. ‘ಈ ಮಾತ್ರೆ ತುಂಬಾ ಉಷ್ಣ’ ಎಂದು ಮೈಸೂರಿನ ಕಡೆಯವರೂ, ‘ಗುಳಿಗಿ ತಗೊಂಡ್ರ ಮೈಯೆಲ್ಲಾ ಉರೀತೈತ್ರಿ’ ಎಂದು ಬೆಳಗಾವಿಯ ಕಡೆಯವರೂ ಹೇಳುವ ಮಾತನ್ನು ಕೆಲವು ವೈದ್ಯರು ಕೇಳಿಯೂ ಕೇಳದಂತೆ ಬಿಟ್ಟುಬಿಡುತ್ತಾರೆ. ಹಾಗೆ ಬಿಡತಕ್ಕುದಲ್ಲ. ಉಷ್ಣವೆಂಬ ಆ ಒಂದೇ ದೂರಿನ ಒಳಗೆ ಹೊಟ್ಟೆಯುರಿ, ಬಾಯೊಣಗು, ಉರಿಮೂತ್ರ, ಬಾಯಿಹುಣ್ಣು, ಮೈ ಬಿಸಿಯಾದಂತಹ ಅನುಭವ ಇವುಗಳಲ್ಲಿ ಯಾವುದಾದರೂ ಇರಬಹುದು, ಒಂದೊಂದಕ್ಕೂ ಬೇರೆ ಬೇರೆ ಪರಿಹಾರವೂ ಇರಬಹುದು. ಆದ್ದರಿಂದ ಓದುಗರು ಉಷ್ಣವೆಂದಷ್ಟೇ ಹೇಳಿ ನಿಲ್ಲದೆ, ಎಲ್ಲಿ ಉರಿ, ಮಾತ್ರೆ ನುಂಗಿದ ಎಷ್ಟು ಹೊತ್ತಿನ ಮೇಲೆ, ಊಟಕ್ಕೆ ಮುಂಚೆಯೋ ಅನಂತರವೋ ಎಂಬುದನ್ನು ಬಿಡಿಸಿ ಹೇಳಬೇಕು. ಉಷ್ಣಕ್ಕೆ ಪ್ರತಿಯಾಗಿ ಮಜ್ಜಿಗೆ ಕುಡಿಯುವುದರಿಂದ ಸಾಧಾರಣವಾಗಿ ಕೆಡುಕಿಲ್ಲ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕವಾಗಿರುವುದರಿಂದ, ಮೂತ್ರಪಿಂಡದ ತೊಂದರೆಯುಳ್ಳವರೂ, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮುಂತಾದ ಮಾತ್ರೆ ತೆಗೆದುಕೊಳ್ಳುವವರೂ ಅದನ್ನು ನಿತ್ಯ ಕುಡಿಯುವುದಕ್ಕೆ ಮುನ್ನ ವೈದ್ಯರನ್ನು ವಿಚಾರಿಸಬೇಕು.

ಎರಡನೆಯದು ‘ಪವರ್’ ಎಂಬ ಭ್ರಮೆ. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ಆಮ್ಲೋಡಿಪಿನ್ 5 ಮಿಲಿಗ್ರಾಂ. ಅಂದಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕಿಂತ ನೂರುಪಾಲು ಉಗ್ರವೆಂದು ಅರ್ಥವಲ್ಲ. ಒಂದು ಔಷಧದ ತೂಕವನ್ನು ಇನ್ನೊಂದು ಔಷಧದ ತೂಕದೊಡನೆ ಹೋಲಿಸುವುದಕ್ಕೆ ಬರುವುದಿಲ್ಲ. ‘ಪವರ್ ಜಾಸ್ತಿ’ ಎಂದು ಮಾತ್ರೆಯನ್ನು ಅರ್ಧ ಮುರಿದು ನುಂಗುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂಬ ಅಕ್ಷರಗಳಿದ್ದರೆ ಆ ಮಾತ್ರೆಯು ಔಷಧವನ್ನು ನಿಧಾನವಾಗಿ ಬಿಡುವಂತೆ ಕಟ್ಟಲ್ಪಟ್ಟಿದೆ, ಅದನ್ನು ಕೇಳದೆ ಮುರಿಯಬಾರದು, ಜಗಿಯಬಾರದು, ಪುಡಿ ಮಾಡಬಾರದು.

ಎಲ್ಲಕ್ಕಿಂತ ವ್ಯಾಪಕವಾದುದು ಮೂತ್ರಪಿಂಡದ ಭಯ. ‘ಶುಗರ್ ಮಾತ್ರೆ ತಿಂದೂ ತಿಂದೂ ಕಿಡ್ನಿ ಹೋಗುತ್ತೆ’ ಎಂಬ ಮಾತು ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ, ಉದ್ಯಾನಗಳ ಬೆಂಚುಗಳ ಮೇಲೆ ದಿನವೂ ಕೇಳಿಬರುತ್ತದೆ. ಮೆಟ್‌ಫಾರ್ಮಿನ್ ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ಕೆಡಿಸುವುದು ಹಿಡಿತವಿಲ್ಲದೆ ವರ್ಷಗಟ್ಟಲೆ ಏರಿ ನಿಂತ ಸಕ್ಕರೆ ಮತ್ತು ರಕ್ತದೊತ್ತಡ. ಮೂತ್ರಪಿಂಡವು ಮೊದಲೇ ದುರ್ಬಲವಾಗಿದ್ದಲ್ಲಿ ಆ ಔಷಧ ದೇಹದಲ್ಲಿ ಉಳಿದುಕೊಳ್ಳುವುದರಿಂದ ವೈದ್ಯರು ಅದರ ಪ್ರಮಾಣವನ್ನು ತಗ್ಗಿಸುತ್ತಾರೆ, ಕೆಲವೊಮ್ಮೆ ನಿಲ್ಲಿಸುತ್ತಾರೆ; ನಿಲ್ಲಿಸಿದ್ದನ್ನು ಕಂಡ ಬಂಧುಗಳು, ಮಾತ್ರೆಯಿಂದಲೇ ಕೆಟ್ಟಿತೆಂದು ತಿಳಿಯುತ್ತಾರೆ. ಇಲ್ಲಿ ಮನಸ್ಸಿಗೆ ನೋವಾಗುವ ಸಂಗತಿಯೊಂದುಂಟು. ಮೂತ್ರಪಿಂಡಕ್ಕೆ ನಿಜವಾಗಿ ಹಾನಿ ಮಾಡಬಲ್ಲ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳನ್ನು ಅದೇ ಜನ ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತಂದು, ಮಂಡಿನೋವಿಗೆಂದು ತಿಂಗಳುಗಟ್ಟಲೆ ನಿರ್ಭಯವಾಗಿ ನುಂಗುತ್ತಾರೆ. ಅಂಜಿಕೆ ಇರಬೇಕಾದ ಸ್ಥಳದಲ್ಲಿ ಇಲ್ಲ, ಇರಬಾರದ ಸ್ಥಳದಲ್ಲಿ ಇದೆ. ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಂಡರೆ ಈ ಭಯಕ್ಕೆ ಊಹೆಯ ಬದಲು ಉತ್ತರ ಸಿಗುತ್ತದೆ.

ಎಲ್ಲ ಅಂಜಿಕೆಯೂ ಭ್ರಮೆಯೆಂದು ಹೇಳುವುದು ಅಸತ್ಯವಾಗುತ್ತದೆ. ಎನಾಲಾಪ್ರಿಲ್, ರಾಮಿಪ್ರಿಲ್‌ಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಆಮ್ಲೋಡಿಪಿನ್‌ನಿಂದ ಕೆಲವರ ಪಾದಗಳು ಊದಿಕೊಳ್ಳುತ್ತವೆ. ಮೆಟ್‌ಫಾರ್ಮಿನ್ ಆರಂಭಿಸಿದ ದಿನಗಳಲ್ಲಿ ಹೊಟ್ಟೆ ತೊಳಸುವುದು, ಭೇದಿಯಾಗುವುದು ಉಂಟು. ಇವೆಲ್ಲ ಸತ್ಯ, ಇವೆಲ್ಲಕ್ಕೂ ಉಪಾಯವಿದೆ. ಮೊದಲೆರಡಕ್ಕೆ ಬದಲಿ ಮಾತ್ರೆಗಳಿವೆ. ಮೂರನೆಯದು ಊಟದ ಜೊತೆಗೆ ಸೇವಿಸಿದರೆ, ಸಣ್ಣ ಪ್ರಮಾಣದಿಂದ ಏರಿಸಿದರೆ ಬಹುಮಂದಿಯಲ್ಲಿ ಕೆಲವು ವಾರಗಳೊಳಗೆ ಅಡಗುತ್ತದೆ. ಇನ್ನು ಕೆಲವು ನೋಡುವುದಕ್ಕೆ ಭಯಂಕರ, ನಿಜವಾಗಿ ನಿರುಪದ್ರವಿ. ಕ್ಷಯದ ರಿಫಾಂಪಿಸಿನ್ ಮೂತ್ರವನ್ನು ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ಅದು ರಕ್ತವಲ್ಲ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಅದೂ ಭಯಪಡತಕ್ಕುದಲ್ಲ. ಬಸುರಿಯರಿಗೆ ನಾಲ್ಕನೆಯ ತಿಂಗಳಿಂದ ಕನಿಷ್ಠ 180 ದಿನ ದಿನಕ್ಕೊಂದರಂತೆ ಕೊಡುವ ಕಬ್ಬಿಣದ ಮಾತ್ರೆಯನ್ನು ‘ಮಗು ಕಪ್ಪಾಗುತ್ತೆ’, ‘ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತೆ’ ಎಂದು ಗುಟ್ಟಾಗಿ ಎಸೆಯುವ ಮನೆಗಳು ಇನ್ನೂ ಇವೆ. ಮಗುವಿನ ಬಣ್ಣ ತಂದೆತಾಯಿಗಳ ಕೊಡುಗೆ. ಮಾತ್ರೆಯ ಕೊಡುಗೆ ತಾಯಿಯ ರಕ್ತ. ಹೆರಿಗೆಯಲ್ಲಿ ರಕ್ತಸ್ರಾವವಾದರೆ ರಕ್ತಹೀನಳಾದ ತಾಯಿ ಅದನ್ನು ತಾಳಲಾರಳು. ಈ ಒಂದು ವಿಷಯದಲ್ಲಿ ಮನೆಯ ಅತ್ತೆಯನ್ನೂ ತಾಯಿಯನ್ನೂ ಜೊತೆಗೆ ಕೂರಿಸಿಕೊಂಡು ಹೇಳುವ ಆಶಾ ಕಾರ್ಯಕರ್ತೆಯ ಮಾತು ಬಸುರಿಯೊಬ್ಬಳಿಗೇ ಹೇಳುವ ಮಾತಿಗಿಂತ ಹೆಚ್ಚು ಫಲಿಸುತ್ತದೆ.

ಅಂಜಿಕೆಯೇ ಬಾಧೆಯನ್ನು ಹುಟ್ಟಿಸಬಲ್ಲದೆಂಬುದಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವೈದ್ಯರು 2020ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ದೃಷ್ಟಾಂತ. ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಮೈಕೈ ನೋವು ಮೊದಲಾದ ಬಾಧೆಗಳಿಂದಾಗಿ ಬಿಟ್ಟಿದ್ದ 60 ಮಂದಿಗೆ ಅವರು ತಿಂಗಳಿಗೊಂದರಂತೆ 12 ಬಾಟಲಿಗಳನ್ನು ಕೊಟ್ಟರು: ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಔಷಧವಿಲ್ಲದ ಹುಸಿಮಾತ್ರೆ, ನಾಲ್ಕು ಬರಿದಾದ ಬಾಟಲಿ. ಬಾಟಲಿ ಬರಿದಾಗಿದ್ದ ತಿಂಗಳುಗಳಲ್ಲಿ ಬಾಧೆ ಕಡಿಮೆಯಿದ್ದಿತು. ಆದರೆ ನಿಜ ಮಾತ್ರೆಯಲ್ಲಿ ಕಂಡ ಬಾಧೆಯ ಹೆಚ್ಚಳದಲ್ಲಿ ನೂರಕ್ಕೆ 90 ಪಾಲು ಹುಸಿಮಾತ್ರೆಯಲ್ಲಿಯೂ ಕಂಡಿತು. ನೋವು ಸುಳ್ಳಲ್ಲ, ಅವರು ನಟಿಸಲಿಲ್ಲ. ಮಾತ್ರೆ ನುಂಗಿದೆನೆಂಬ ಅಂಜಿಕೆಯು ನಿಜವಾದ ನೋವನ್ನು ತಂದಿತು. ತಮ್ಮದೇ ಅಂಕಿಗಳನ್ನು ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಮಾತ್ರೆಯನ್ನು ಪುನಃ ಆರಂಭಿಸಿದರು. ಔಷಧದ ಪೊಟ್ಟಣದಲ್ಲಿರುವ ಸಣ್ಣಕ್ಷರದ ಉದ್ದನೆಯ ಪಟ್ಟಿಯನ್ನು ಓದಿ ಬೆದರುವವರು, ಅದರಲ್ಲಿ ಸಾವಿರದಲ್ಲೊಬ್ಬರಿಗೆ ಬರುವುದನ್ನೂ ಹತ್ತರಲ್ಲೊಬ್ಬರಿಗೆ ಬರುವುದನ್ನೂ ಒಟ್ಟಿಗೆ ಬರೆದಿರಬಹುದೆಂಬುದನ್ನು ಮನಸ್ಸಿನಲ್ಲಿಡಬೇಕು.

ಇನ್ಸುಲಿನ್ ಎಂದರೆ ಕೊನೆಯ ಹಂತ, ಉಬ್ಬಸದ ಪಂಪು ಎಂದರೆ ಬಿಡಲಾಗದ ಚಟ ಎಂಬ ಎರಡು ತಪ್ಪು ನಂಬಿಕೆಗಳನ್ನು ಇಲ್ಲಿಯೇ ಹೇಳಿ ಮುಂದುವರಿಯುತ್ತೇನೆ. ಇನ್ಸುಲಿನ್ನನ್ನು ತಡಮಾಡಿದ್ದರಿಂದಲೇ ಕೆಟ್ಟ ಕಣ್ಣು ಕಾಲುಗಳನ್ನು ನೋಡಿದವರು, ಇನ್ಸುಲಿನ್ ಬಂದ ಮೇಲೆ ಕೆಟ್ಟವೆಂದು ಭಾವಿಸುತ್ತಾರೆ. ಪಂಪಿನಿಂದ ಒಳಗೆ ಹೋಗುವ ಸ್ಟೀರಾಯ್ಡ್ ಮೈಕ್ರೋಗ್ರಾಂಗಳಲ್ಲಿ ನೇರವಾಗಿ ಶ್ವಾಸನಾಳಕ್ಕೆ ಸೇರುತ್ತದೆ. ನುಂಗುವ ಮಾತ್ರೆಯದು ಮಿಲಿಗ್ರಾಂಗಳಲ್ಲಿ ಮೈಯೆಲ್ಲ ಸುತ್ತುತ್ತದೆ. ಪಂಪಿಗೆ ಅಂಜಿ ಮಾತ್ರೆಗೆ ಹೋಗುವವರು ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಹಿಡಿದಂತಾಯಿತು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದನ್ನು ಮಾತ್ರ ಮರೆಯಬಾರದು.

ಹೇಳುವುದು, ಕೇಳುವುದು

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ರೋಗಿಯಲ್ಲಿರಬೇಕಾದ ಗುಣಗಳೂ ನಾಲ್ಕೆಂದು ಎಣಿಸುತ್ತದೆ: ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ನೆನಪಿರಬೇಕು, ಹೇಳಿದಂತೆ ನಡೆಯಬೇಕು, ಅಂಜಬಾರದು, ತನ್ನ ಸ್ಥಿತಿಯನ್ನು ವೈದ್ಯನಿಗೆ ತಿಳಿಸಬಲ್ಲವನಾಗಿರಬೇಕು. ನಾವು ಮೊದಲ ಎರಡನ್ನೇ ಒತ್ತಿ ಒತ್ತಿ ಹೇಳುತ್ತ ಬಂದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ನಾಲ್ಕನೆಯದು ಸಾಧಿಸಿದರೆ ಮೂರನೆಯದು ತಾನಾಗಿ ಬರುತ್ತದೆ, ಮೂರನೆಯದು ಬಂದಲ್ಲಿ ಎರಡನೆಯದಕ್ಕೆ ಬಲಾತ್ಕಾರ ಬೇಕಾಗುವುದಿಲ್ಲ.

ತಿಳಿಸದೆ ಇದ್ದರೆ ಏನಾಗುತ್ತದೆಂಬುದನ್ನು ನೋಡಿ. ಮಾತ್ರೆ ಬಿಟ್ಟವರು ವೈದ್ಯರ ಬಳಿಗೆ ಹೋಗುತ್ತಾರೆ. ಒತ್ತಡ 170 ಇರುತ್ತದೆ. ‘ಮಾತ್ರೆ ತೊಗೋತಾ ಇದೀರಾ’ ಎಂದರೆ ಸಂಕೋಚದಿಂದ ‘ಹೂಂ’ ಎನ್ನುತ್ತಾರೆ. ವೈದ್ಯರು ಆ ಮಾತ್ರೆ ಸಾಲದೆಂದು ತಿಳಿದು ಇನ್ನೊಂದನ್ನು ಸೇರಿಸುತ್ತಾರೆ. ಮನೆಯಲ್ಲಿ ಯಾರೋ ಗದರಿಸಿದ ದಿನ ರೋಗಿ ಎರಡನ್ನೂ ಒಟ್ಟಿಗೆ ಆರಂಭಿಸಿ, ಒತ್ತಡ ಒಮ್ಮೆಗೇ ಇಳಿದು, ರಾತ್ರಿ ಬಚ್ಚಲಿಗೆ ಏಳುವಾಗ ತಲೆ ಸುತ್ತಿ ಬೀಳಬಹುದು. ಬಿದ್ದ ಮೇಲೆ ಮಾತ್ರೆಯ ಮೇಲಿನ ಭಯ ದುಪ್ಪಟ್ಟಾಗುತ್ತದೆ. ಇಷ್ಟೆಲ್ಲ ಅನರ್ಥವನ್ನು ಎರಡು ಸಾಲಿನ ಮಾತು ತಪ್ಪಿಸಬಲ್ಲದು: ‘ಡಾಕ್ಟ್ರೇ, ರಾತ್ರಿ ಮಾತ್ರೆ ಹದಿನೈದು ದಿವಸದಿಂದ ಬಿಟ್ಟಿದೀನಿ. ತೊಗೊಂಡ್ರೆ ಬೆಳಗ್ಗೆ ತಲೆ ಸುತ್ತುತ್ತೆ, ಬೇರೆ ಏನಾದ್ರೂ ಇದೆಯಾ?’ ಹೀಗೆ ಬಿಟ್ಟದ್ದನ್ನೂ ಕಾರಣವನ್ನೂ ಒಟ್ಟಿಗೆ ಹೇಳಿದಲ್ಲಿ ಸಜ್ಜನರಾದ ವೈದ್ಯರು ಕೋಪಿಸಿಕೊಳ್ಳುವುದಿಲ್ಲ. ಅವರಿಗೆ ದಾರಿ ಸಿಕ್ಕಿದಂತಾಗುತ್ತದೆ. ದುಡ್ಡಿನ ತೊಂದರೆಯಿಂದ ದಿನ ಬಿಟ್ಟು ದಿನ ನುಂಗುತ್ತಿದ್ದರೆ ಅದನ್ನೂ ಹೇಳಬೇಕು. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಕ್ಕಬಹುದು, ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೂ ಸಿಕ್ಕಬಹುದು. ಬೆಲೆ ಕಡಿಮೆಯೆಂದ ಮಾತ್ರಕ್ಕೆ ಶಕ್ತಿ ಕಡಿಮೆಯೆಂದು ಭಾವಿಸಬಾರದು. ಸ್ಟ್ರಿಪ್ಪಿನ ಮೇಲೆ ಕಂಪೆನಿಯ ಹೆಸರಿನ ಜೊತೆಯಲ್ಲಿಯೇ ಅಚ್ಚಾಗಿರುವ ಮೂಲ ಔಷಧದ ಹೆಸರನ್ನೂ ಪ್ರಮಾಣವನ್ನೂ ನೋಡಿಕೊಳ್ಳುವ ಅಭ್ಯಾಸವಾದರೆ, ಬಣ್ಣ ಬದಲಾಯಿತೆಂದು ಹಳೆಯದನ್ನೂ ಹೊಸದನ್ನೂ ಎರಡೂ ನುಂಗುವ ಪ್ರಮಾದವೂ ತಪ್ಪುತ್ತದೆ.

ಹೊಸ ಮಾತ್ರೆ ಬರೆದುಕೊಟ್ಟಾಗ ಎದ್ದು ಬರುವ ಮುನ್ನ ಕೇಳಬೇಕಾದುದು ಹೆಚ್ಚೇನಿಲ್ಲ: ಇದು ಯಾವುದಕ್ಕೆ, ತೆಗೆದುಕೊಳ್ಳದಿದ್ದರೆ ಏನಾದೀತು, ಇದರಿಂದ ಸಾಮಾನ್ಯವಾಗಿ ಬರುವ ತೊಂದರೆ ಯಾವುದು, ಎಷ್ಟು ದಿನದ ಮೇಲೆ ಮತ್ತೆ ನೋಡುತ್ತೀರಿ. ಆಸ್ಪತ್ರೆಯಲ್ಲಿ ನೂಕುನುಗ್ಗಲಿದ್ದು ವೈದ್ಯರಿಗೆ ಬಿಡುವಿಲ್ಲದಿದ್ದರೆ ಫಾರ್ಮಸಿಸ್ಟರನ್ನೂ ನರ್ಸಮ್ಮನನ್ನೂ ಕೇಳಬಹುದು. ಪ್ರತಿ ಭೇಟಿಗೂ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಕಷಾಯ, ಚೂರ್ಣ, ನಾಟಿ ಔಷಧಿ, ಹಾಗಲಕಾಯಿ ರಸ ಸೇವಿಸುತ್ತಿದ್ದರೆ ಮುಚ್ಚಿಡಬೇಡಿ. ಸಕ್ಕರೆ ಇಳಿಸುವ ಮಾತ್ರೆಯ ಜೊತೆಗೆ ಅವೂ ಸೇರಿದರೆ ಸಕ್ಕರೆ ಅಪಾಯಕರವಾಗಿ ಇಳಿಯುವ ಸಂಭವವಿದೆ. ಹೆಸರಿಲ್ಲದ ಕೀಲುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದೂ ಕಂಡುಬಂದಿದೆ.

ಮನೆಯವರಿಗೆ ಒಂದು ಮಾತು. ‘ಮಾತ್ರೆ ತೊಗೊಂಡ್ಯೇನಪ್ಪಾ?’ ಎಂದು ದಿನವೂ ಕಾವಲುಗಾರನಂತೆ ಕೇಳಿದರೆ ‘ತೊಗೊಂಡೆ’ ಎಂಬ ಉತ್ತರ ಬರುತ್ತದೆ, ಸತ್ಯ ಬರುವುದಿಲ್ಲ. ‘ಅಪ್ಪಾ, ಈ ಮಾತ್ರೆ ನಿಮಗೆ ಒಗ್ಗುತ್ತಿದೆಯೇ? ಇದರಿಂದ ಏನಾದರೂ ತೊಂದರೆ ಅನ್ನಿಸುತ್ತಾ?’ ಎಂದು ಬಿಡುವಿನ ಹೊತ್ತಿನಲ್ಲಿ ಕೇಳಿದರೆ ಎಷ್ಟೋ ದಿನದಿಂದ ಒಳಗಿದ್ದ ಮಾತು ಹೊರಬರುತ್ತದೆ. ಬಂದ ಕೂಡಲೇ ತಿದ್ದಹೋಗಬೇಡಿ. ಪೂರ್ತಿ ಕೇಳಿ, ಬರೆದುಕೊಂಡು, ಮುಂದಿನ ಭೇಟಿಗೆ ಜೊತೆಯಲ್ಲಿ ಹೋಗಿರಿ.

ನಿಜವಾಗಿ ಮರೆಯುವವರಿಗೆ ಉಪಾಯ ಸುಲಭ. ವಾರದ ಏಳು ದಿನಗಳ ಖಾನೆಗಳಿರುವ ಡಬ್ಬಿ, ಮೊಬೈಲಿನ ಅಲಾರಂ, ಇಲ್ಲವೆ ದೇವರ ದೀಪ ಹಚ್ಚುವುದು, ಹಲ್ಲುಜ್ಜುವುದು ಮುಂತಾದ ತಪ್ಪದ ನಿತ್ಯಕರ್ಮವೊಂದಕ್ಕೆ ಮಾತ್ರೆಯನ್ನು ಗಂಟುಹಾಕುವುದು. ಕಾಫಿಯ ಜೊತೆಗೆ ಮಾತ್ರ ಎಲ್ಲವನ್ನೂ ಸೇರಿಸಲಾಗದು: ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾದು ಕಾಫಿ ಕುಡಿಯಬೇಕು, ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ನಾಲ್ಕು ಗಂಟೆಯ ಅಂತರವಿರಬೇಕು. ಕಬ್ಬಿಣದ ಮಾತ್ರೆಗೂ ಕಾಫಿ ಟೀ ಶತ್ರು, ನಿಂಬೆ ನೆಲ್ಲಿ ಮಿತ್ರ. ಒಂದು ಹೊತ್ತಿನ ಮಾತ್ರೆ ತಪ್ಪಿದರೆ ನೆನಪಾದೊಡನೆ ತೆಗೆದುಕೊಳ್ಳುವುದು, ಮುಂದಿನ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಡುವುದು, ಎರಡನ್ನು ಒಟ್ಟಿಗೆ ನುಂಗದಿರುವುದು ಸಾಮಾನ್ಯವಾದ ಕ್ರಮ. ಇನ್ಸುಲಿನ್, ರಕ್ತ ತೆಳುಗೊಳಿಸುವ ಮಾತ್ರೆ ಮುಂತಾದವುಗಳಿಗೆ ಬೇರೆ ನಿಯಮವಿರಬಹುದಾದ್ದರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು. ಏಕಾದಶಿ, ಶ್ರಾವಣದ ಸೋಮವಾರ, ರಂಜಾನಿನ ಉಪವಾಸಗಳನ್ನು ಮಾಡುವ ಸಕ್ಕರೆ ಕಾಯಿಲೆಯವರು ಕೆಲವು ವಾರ ಮುಂಚೆಯೇ ವೈದ್ಯರೊಡನೆ ಮಾತಾಡಿ ಹೊತ್ತು ಮತ್ತು ಪ್ರಮಾಣಗಳನ್ನು ಹೊಂದಿಸಿಕೊಳ್ಳಬೇಕು. ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತಬ್ಬಿಬ್ಬು ಕಂಡ ಕೂಡಲೇ ಸಕ್ಕರೆಯನ್ನೋ ಬೆಲ್ಲವನ್ನೋ ತಿನ್ನಬೇಕು, ವ್ರತವನ್ನು ಅಲ್ಲಿಗೆ ಬಿಡಬೇಕು.

ಕೆಲವು ಔಷಧಗಳನ್ನು ಎಂತಹ ಅಂಜಿಕೆಯಿದ್ದರೂ ತಾನಾಗಿ ಥಟ್ಟನೆ ನಿಲ್ಲಿಸಕೂಡದು. ಮೂರ್ಛೆರೋಗದ ಮಾತ್ರೆ ನಿಂತರೆ ಎಡೆಬಿಡದ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಬಹುಕಾಲ ಸೇವಿಸಿದ ಪ್ರೆಡ್ನಿಸೋಲೋನ್, ಹೃದಯದ ಬಡಿತವನ್ನು ತಗ್ಗಿಸುವ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್, ಅಟೆನೊಲಾಲ್, ಒತ್ತಡಕ್ಕೆ ಕೊಡುವ ಕ್ಲೊನಿಡಿನ್, ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್, ಮಾನಸಿಕ ಕಾಯಿಲೆಯ ಮಾತ್ರೆಗಳು ಇವೆಲ್ಲವೂ ಇದೇ ಗುಂಪಿಗೆ ಸೇರಿದವು. ಇವುಗಳ ವಿಷಯದಲ್ಲಿ ಸಂದೇಹ ಬಂದರೆ ಮಾತ್ರೆಯನ್ನು ಮುಂದುವರಿಸುತ್ತಲೇ ವೈದ್ಯರಿಗೆ ಫೋನು ಮಾಡಬೇಕು.

ಇದಕ್ಕೆ ವಿರುದ್ಧವಾಗಿ, ಮುಂದಿನ ಭೇಟಿಯ ದಿನದವರೆಗೆ ಕಾಯಲಾಗದ ಚಿಹ್ನೆಗಳೂ ಇವೆ. ಮಾತ್ರೆ ನುಂಗಿದ ಮೇಲೆ ತುಟಿ, ಮುಖ, ನಾಲಗೆ ಊದಿಕೊಳ್ಳುವುದು, ಉಸಿರು ಕಟ್ಟುವುದು, ಮೈಮೇಲೆ ಗುಳ್ಳೆಗಳೆದ್ದು ಬಾಯಲ್ಲಿ ಹುಣ್ಣಾಗುವುದು. ಕ್ಷಯದ ಔಷಧ ನಡೆಯುತ್ತಿರುವಾಗ ಕಣ್ಣು ಹಳದಿಯಾಗಿ, ಊಟ ಸೇರದೆ ವಾಂತಿಯಾಗುವುದು. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ಸೇವಿಸುವವರಿಗೆ ಡಾಂಬರಿನಂತೆ ಕಪ್ಪಾದ ಮಲ ಹೋಗುವುದು. ಹೀಗಾದಲ್ಲಿ ಆ ಮಾತ್ರೆಯ ಮುಂದಿನ ಹೊತ್ತನ್ನು ತೆಗೆದುಕೊಳ್ಳದೆ, ರಾತ್ರಿಯೇ ಆಗಿರಲಿ, 108ಕ್ಕೆ ಕರೆಮಾಡಿಯೋ ಸಿಕ್ಕ ವಾಹನದಲ್ಲಿಯೋ ಆಸ್ಪತ್ರೆಗೆ ಹೋಗಿರಿ. ಹೋಗುವಾಗ ಆ ಸ್ಟ್ರಿಪ್ಪನ್ನೂ ವೈದ್ಯರ ಚೀಟಿಯನ್ನೂ ಜೊತೆಗೆ ಒಯ್ಯಿರಿ, ಕೊನೆಯ ಮಾತ್ರೆ ನುಂಗಿದ ಹೊತ್ತನ್ನು ಅಲ್ಲಿಯ ವೈದ್ಯರಿಗೆ ಮೊದಲು ತಿಳಿಸಿರಿ.